ಸಸ್ಯಜನ್ಯ ಎಣ್ಣೆಯ ಲೇಪನವಿರುವ ನಿಧಾನ ಗೊಬ್ಬರ: ಸಿಪ್ಪೆ ಮಣ್ಣಿನಲ್ಲಿ ನಿಜವಾಗಿಯೂ ಕೊಳೆಯುತ್ತದೆಯೇ?

ತೋಟದಮನೆ (ತೀರ್ಥಹಳ್ಳಿ ಕಡೆ)

ಕಳೆದ ಹಂಗಾಮಿನಲ್ಲಿ ಅಡಿಕೆ ಸಸಿ ಮತ್ತು ಕಾಳುಮೆಣಸಿನ ಬಳ್ಳಿಗಳ ಚೀಲಗಳಿಗೆ ಲೇಪಿತ ನಿಧಾನ ಗೊಬ್ಬರ (ಪೋಷಕಾಂಶವನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಕಾಳು) ಹಾಕಿದ್ದೆ. ಲೇಪನವನ್ನು ಪೂರ್ತಿಯಾಗಿ ಸಸ್ಯಜನ್ಯ ಎಣ್ಣೆಯಿಂದಲೇ ಮಾಡಲಾಗಿದೆ, ಆದ್ದರಿಂದ ಗೊಬ್ಬರ ಮುಗಿದ ಮೇಲೆ ಸಿಪ್ಪೆಯೂ ಮಣ್ಣಾಗುತ್ತದೆ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಸಸಿಗಳ ಬೆಳವಣಿಗೆಯ ಬಗ್ಗೆ ನನ್ನ ದೂರಿಲ್ಲ, ಎಲೆಯ ಬಣ್ಣವೂ ಚೆನ್ನಾಗಿಯೇ ಇತ್ತು. ಆದರೆ ಸಸಿಗಳನ್ನು ತೋಟಕ್ಕೆ ಸಾಗಿಸಲು ಚೀಲ ಹರಿದಾಗ ಬೇರುಗಳ ನಡುವೆ ಹಳದಿ ಬಣ್ಣದ ದುಂಡು ಕಾಳುಗಳು ಹಾಗೆಯೇ ಸಿಕ್ಕವು. ಬೆರಳಿನಲ್ಲಿ ಹಿಚುಕಿದರೆ ಒಳಗಿನಿಂದ ನೀರು ಚಿಮ್ಮುತ್ತದೆ, ಕೈಯಲ್ಲಿ ತೆಳ್ಳನೆಯ ಸಿಪ್ಪೆ ಉಳಿಯುತ್ತದೆ. ಅದನ್ನು ಉಗುರಿನಿಂದ ಎಳೆದರೆ ಹರಿಯುತ್ತದೆಯೇ ಹೊರತು ಪುಡಿಯಾಗುವುದಿಲ್ಲ.

ನನ್ನ ಪ್ರಶ್ನೆ ಎರಡು. ಎಣ್ಣೆಯಿಂದ ಮಾಡಿದ ಲೇಪನ ಕೊಳೆಯಲು ಎಷ್ಟು ಕಾಲ ಬೇಕು? ನಮ್ಮಂಥ ಮಳೆ ಸುರಿಯುವ ಸೀಮೆಯಲ್ಲಿ ಇದನ್ನು ಚೀಲದಾಚೆಗೆ, ತೋಟದ ಮರಗಳಿಗೂ ಬಳಸುವುದು ಸರಿಯೇ?

ಕಪ್ಪುಮಣ್ಣು

ಎಣ್ಣೆ ಗಿಡದ್ದಾದ ಮೇಲೆ ಕೊಳೆಯಲೇಬೇಕು. ಒಂದೆರಡು ಮಳೆಗಾಲ ಕಾದು ನೋಡಿ.

ರಸಾಯನ ಪಾಠ

ಕಪ್ಪುಮಣ್ಣು ಅವರ ಮಾತನ್ನು ಒಪ್ಪುವುದು ಕಷ್ಟ. ಕಚ್ಚಾವಸ್ತು ಗಿಡದಿಂದ ಬಂದಿದೆ ಎನ್ನುವುದು ಒಂದು ಸಂಗತಿ, ಅದರಿಂದ ಕಟ್ಟಿದ ಪಾಲಿಮರ್ (ಸಣ್ಣ ಅಣುಗಳನ್ನು ಹೆಣೆದು ಮಾಡಿದ ವಸ್ತು) ಮಣ್ಣಿನಲ್ಲಿ ಕೊಳೆಯುತ್ತದೆ ಎನ್ನುವುದು ಬೇರೆಯದೇ ಸಂಗತಿ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸುವ ಮಾರಾಟವೇ ಈ ಗೊಂದಲಕ್ಕೆ ಮೂಲ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಹರಳೆಣ್ಣೆ. ಅದರ ಕೊಬ್ಬಿನಾಮ್ಲಗಳಲ್ಲಿ ಶೇ 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲವೇ ಇರುತ್ತದೆ. ಆ ಆಮ್ಲದ ಹನ್ನೆರಡನೆಯ ಇಂಗಾಲದ ಮೇಲೆ ಪ್ರಕೃತಿಯೇ ಕೂರಿಸಿರುವ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಬೇರೆ ಎಣ್ಣೆಗಳಿಗೆ ಕಾರ್ಖಾನೆಯಲ್ಲಿ ಕಷ್ಟಪಟ್ಟು ಅಂಟಿಸಬೇಕಾದ ಹಿಡಿಕೆ ಹರಳೆಣ್ಣೆಗೆ ಹುಟ್ಟಿನಿಂದಲೇ ಬಂದಿದೆ. ಬಿಸಿ ಮಾಡಿದ ಯೂರಿಯಾ ಕಾಳುಗಳನ್ನು ಪೀಪಾಯಿಯಲ್ಲಿ ಉರುಳಿಸುತ್ತ ಈ ಎಣ್ಣೆಯನ್ನೂ ಅದರ ಹಿಡಿಕೆಗಳನ್ನು ಜೋಡಿಸುವ ಐಸೊಸೈನೇಟ್ ಎಂಬ ರಾಸಾಯನಿಕವನ್ನೂ ಪದರ ಪದರವಾಗಿ ಸಿಂಪಡಿಸಿದರೆ, ಕಾಳಿನ ಮೈಮೇಲೆಯೇ ಅವು ಕೂಡಿಕೊಂಡು ಪಾಲಿಯುರೆಥೇನ್ ಎಂಬ ಪಾಲಿಮರ್ ಜಾಲವಾಗುತ್ತವೆ. ಸೀಮೆಎಣ್ಣೆಯಂಥ ದ್ರಾವಕ ಬೇಕಾಗದಿರುವುದು ಈ ವಿಧಾನದ ದೊಡ್ಡ ಅನುಕೂಲ.

ಈಗ ಕೊಳೆಯುವ ವಿಚಾರಕ್ಕೆ ಬರೋಣ. ಎಣ್ಣೆಯ ಅಣುವಿನಲ್ಲಿ ಎಸ್ಟರ್ ಬಂಧಗಳಿವೆ, ಮಣ್ಣಿನ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳ ಲೈಪೇಸ್ ಕಿಣ್ವಗಳು ಅವನ್ನು ಕತ್ತರಿಸಬಲ್ಲವು. ಆದರೆ ಐಸೊಸೈನೇಟಿನಿಂದ ಬಂದ ಬೆನ್ಝೀನ್ ಉಂಗುರಗಳು ಮತ್ತು ಯುರೆಥೇನ್ ಬಂಧಗಳು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಜಾಲದ ಬಿಗಿತ. ಜಾಲ ಬಿಗಿಯಾದಷ್ಟೂ ನೀರು ನಿಧಾನವಾಗಿ ಒಳಹೋಗುತ್ತದೆ, ಗೊಬ್ಬರ ನಿಧಾನವಾಗಿ ಹೊರಬರುತ್ತದೆ. ಅದೇ ಬಿಗಿತ ಕಿಣ್ವವನ್ನೂ ಬಾಗಿಲಲ್ಲೇ ತಡೆಯುತ್ತದೆ. ಒಳ್ಳೆಯ ಲೇಪನಕ್ಕೆ ಬೇಕಾದ ಗುಣವೂ ಬೇಗ ಕೊಳೆಯುವುದಕ್ಕೆ ಬೇಕಾದ ಗುಣವೂ ಒಂದನ್ನೊಂದು ಎದುರು ಎಳೆಯುತ್ತವೆ. ಈ ಕ್ಷೇತ್ರದ ಸಂಶೋಧನೆಯೆಲ್ಲ ನಡೆದಿರುವುದು ಆ ಎಳೆದಾಟದ ನಡುವೆಯೇ.

ನರ್ಸರಿ ನೋಟ

ಬೆಂಗಳೂರಿನ ಸುತ್ತಲಿನ ಅಲಂಕಾರಿಕ ಗಿಡಗಳ ನರ್ಸರಿಗಳಲ್ಲಿ ಇಂಥ ಸಿಪ್ಪೆ ಹೊಸದಲ್ಲ. ಆಸ್ಮೋಕೋಟ್ ಎಂಬ ಲೇಪಿತ ಗೊಬ್ಬರ 1967ರಿಂದಲೂ ಮಾರುಕಟ್ಟೆಯಲ್ಲಿದೆ, ಅದರ ರಾಳದಲ್ಲಿಯೂ ಸಸ್ಯಜನ್ಯ ಎಣ್ಣೆಯ ಭಾಗವಿದೆ. ಹಾಗಿದ್ದರೂ ಹಳೆಯ ಕುಂಡದ ಮಣ್ಣನ್ನು ಜರಡಿ ಹಿಡಿದರೆ ಖಾಲಿ ಗುಂಡುಗಳು ಸಿಕ್ಕೇ ಸಿಗುತ್ತವೆ. ಎಣ್ಣೆಯ ಮಾತು ಕೇಳಿದ ಕೂಡಲೇ ಕೊಳೆಯುತ್ತದೆ ಎಂದು ತೀರ್ಮಾನಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಭತ್ತದ ಬಯಲು (ಗಂಗಾವತಿ)

ನಮಗೆ ಬರುವ ಯೂರಿಯಾ ಎಲ್ಲವೂ ಬೇವಿನ ಎಣ್ಣೆ ಲೇಪಿಸಿದ್ದೇ ಅಲ್ಲವೇ? ಅದೂ ಸಸ್ಯಜನ್ಯ ಎಣ್ಣೆ, ಅದೂ ನಿಧಾನ. ಅದರಿಂದ ಯಾವ ಸಿಪ್ಪೆಯೂ ಉಳಿದಿಲ್ಲ. ಹಾಗಿರುವಾಗ ಹೊಸ ಪಾಲಿಮರ್ ಏಕೆ ಬೇಕು?

ಲೆಕ್ಕಾಚಾರ

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2015ರಲ್ಲಿ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪನವನ್ನು ಕಡ್ಡಾಯ ಮಾಡಲಾಯಿತು. ರಸಗೊಬ್ಬರ ನಿಯಂತ್ರಣ ಆದೇಶದಂತೆ ಅದರಲ್ಲಿ ಇರಬೇಕಾದ ಬೇವಿನೆಣ್ಣೆ ಕನಿಷ್ಠ ಶೇ 0.035. 45 ಕಿಲೋ ಮೂಟೆಗೆ ಲೆಕ್ಕ ಹಾಕಿದರೆ 16 ಗ್ರಾಂ ಕೂಡ ಆಗುವುದಿಲ್ಲ. ಅಷ್ಟು ಎಣ್ಣೆ ನೀರನ್ನು ತಡೆಯುವ ಗೋಡೆಯಾಗಲಾರದು. ಯೂರಿಯಾ ಎಂದಿನಂತೆ ಬೇಗನೆ ಕರಗುತ್ತದೆ. ಬೇವಿನ ಕಹಿ ಅಂಶಗಳು ಮಾಡುವ ಕೆಲಸ ಬೇರೆ: ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ವೇಗವನ್ನು ಅವು ತಗ್ಗಿಸುತ್ತವೆ. ಅದು ಜೀವರಾಸಾಯನಿಕ ತಡೆ, ಪಾಲಿಮರಿನದು ಭೌತಿಕ ತಡೆ.

ಪಾಲಿಮರ್ ಲೇಪನ ಸಾಮಾನ್ಯವಾಗಿ ತೂಕದ ಶೇ 3ರಿಂದ 5ರಷ್ಟಿರುತ್ತದೆ. ಶೇ 3 ಎಂದೇ ಹಿಡಿದರೂ ಬೇವಿನೆಣ್ಣೆಯ 85 ಪಟ್ಟು ಆಯಿತು. ಬೇವಿನಿಂದ ಸಿಪ್ಪೆ ಉಳಿಯದಿರಲು ಕಾರಣ ಅಲ್ಲಿ ಸಿಪ್ಪೆಯೇ ಇಲ್ಲದಿರುವುದು.

ಭತ್ತದ ಬಯಲು (ಗಂಗಾವತಿ)

ಅದು ಸರಿ. ಆದರೆ ರೈತನಿಗೆ ಮುಖ್ಯವಾಗುವುದು ಬೆಳೆಗೆ ಸಿಕ್ಕ ಸಾರಜನಕವೇ ಹೊರತು ತಡೆ ಯಾವ ಬಗೆಯದು ಎನ್ನುವುದಲ್ಲ. ತುಂಗಭದ್ರಾ ಕಾಲುವೆಯ ಭಾಗದಲ್ಲಿ ಮೇಲುಗೊಬ್ಬರಕ್ಕೆಂದು ಮೂಟೆಯ ಮೇಲೆ ಮೂಟೆ ಯೂರಿಯಾ ಸುರಿಯುತ್ತಾರೆ. ನಿಂತ ನೀರಿಗೆ ಎರಚಿದ್ದರಲ್ಲಿ ಎಷ್ಟೋ ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮಧ್ಯಾಹ್ನ ಬದುವಿನ ಮೇಲೆ ನಿಂತರೆ ಮೂಗಿಗೇ ಅದು ಗೊತ್ತಾಗುತ್ತದೆ. ನಾಟಿಯ ಹೊತ್ತಿಗೆ ಒಂದೇ ಸಲ ಹಾಕಿ ಮುಗಿಸುವಂತಾದರೆ ಕೂಲಿಯೂ ಉಳಿಯುತ್ತದೆ. ಆ ಆಸೆಯಿಂದಲೇ ನಾನು ಇಲ್ಲಿ ವಾದಿಸುತ್ತಿದ್ದೇನೆ.

ನೀಗಾಟ ಕನ್ನಡಿಗ

ಒಂದೇ ಸಲ ಹಾಕಿ ಮುಗಿಸುವ ಪದ್ಧತಿ ಜಪಾನಿನ ಗದ್ದೆಗಳಲ್ಲಿ ದಶಕಗಳಿಂದ ನಡೆದುಬಂದಿದೆ. ಭತ್ತದ ಬಯಲಿನವರು ಅದರ ಎರಡೂ ಮುಖಗಳನ್ನು ತಿಳಿಯಬೇಕು. ಇಲ್ಲಿನ ಲೇಪಿತ ಯೂರಿಯಾಕ್ಕೆ ಬಳಸಿದ್ದು ಮುಖ್ಯವಾಗಿ ಪಾಲಿಎಥಿಲೀನ್ ಬಗೆಯ ಪ್ಲಾಸ್ಟಿಕ್, ಸಸ್ಯದ ಎಣ್ಣೆಯಲ್ಲ. ಬಿಡುಗಡೆಯ ಲೆಕ್ಕ ಬಹಳ ನಿಖರವಾಗಿತ್ತು, ಮೊದಲ ಕೆಲವು ವಾರ ಏನೂ ಬಿಡದೆ ತೆನೆ ಕಟ್ಟುವ ಹೊತ್ತಿಗೆ ಬಿಡುವಂಥ ಕಾಳುಗಳನ್ನೂ ಮಾಡಿದರು. ವಯಸ್ಸಾದ ರೈತರಿಗೆ ಅದು ದೊಡ್ಡ ಆಸರೆಯಾಯಿತು, ಇಳುವರಿಯೂ ಕುಗ್ಗಲಿಲ್ಲ.

ತೊಂದರೆ ಕಂಡದ್ದು ಆಮೇಲೆ. ಒಳಗಿನ ಯೂರಿಯಾ ಖಾಲಿಯಾದ ಸಿಪ್ಪೆ ಹಗುರ, ಒಳಗೆ ಗಾಳಿ ಸೇರಿದರೆ ತೇಲುತ್ತದೆ. ವಸಂತದಲ್ಲಿ ಗದ್ದೆಗೆ ನೀರು ಕಟ್ಟಿ ಕೆಸರು ಮಾಡಿದಾಗ ಹಿಂದಿನ ವರ್ಷದ ಸಿಪ್ಪೆಗಳು ಮೇಲೆದ್ದು ಮೂಲೆಯಲ್ಲಿ ಬಿಳಿ ನೊರೆಯ ಜೊತೆ ಸೇರಿಕೊಳ್ಳುತ್ತವೆ, ತೂಬು ತೆರೆದರೆ ಕಾಲುವೆಗೂ ಅಲ್ಲಿಂದ ಸಮುದ್ರಕ್ಕೂ ಹೋಗುತ್ತವೆ. ಕಡಲತೀರಗಳಲ್ಲಿ ಇವು ರಾಶಿಯಾಗಿ ಸಿಗತೊಡಗಿದ ಮೇಲೆ, 2030ರ ಹೊತ್ತಿಗೆ ಪ್ಲಾಸ್ಟಿಕ್ ಲೇಪಿತ ಗೊಬ್ಬರವನ್ನು ನೆಚ್ಚಿಕೊಳ್ಳದ ಕೃಷಿಗೆ ಸಾಗುವ ಗುರಿಯನ್ನು ಇಲ್ಲಿನ ರೈತ ಸಹಕಾರಿ ಒಕ್ಕೂಟ ಮತ್ತು ಗೊಬ್ಬರ ಉದ್ಯಮದ ಸಂಘಗಳು 2022ರ ಜನವರಿಯಲ್ಲಿ ಪ್ರಕಟಿಸಿದವು. ಅಲ್ಲಿಯವರೆಗೆ ತೂಬಿಗೆ ಬಲೆ ಕಟ್ಟಿರಿ, ಕಡಿಮೆ ನೀರಿನಲ್ಲಿ ಕೆಸರು ಮಾಡಿರಿ ಎಂದು ರೈತರಿಗೆ ತಿಳಿಸುತ್ತಿದ್ದಾರೆ.

ತುಂಗಭದ್ರಾ ಬಯಲಿನ ನೀರೂ ಕೊನೆಗೆ ಕೃಷ್ಣೆಗೆ, ಅಲ್ಲಿಂದ ಸಮುದ್ರಕ್ಕೆ ಸೇರುತ್ತದೆ. ಮೊದಲು ಬಳಸಿ ಆಮೇಲೆ ಬಲೆ ಕಟ್ಟುವ ದಾರಿಯನ್ನು ನಮ್ಮ ಊರುಗಳು ಹಿಡಿಯಬಾರದು ಎಂದು ನಾನು ಕಳಕಳಿಯಿಂದ ಹೇಳುತ್ತಿದ್ದೇನೆ.

ಕಪ್ಪುಮಣ್ಣು

ಅದು ಪಾಲಿಎಥಿಲೀನ್. ಇಲ್ಲಿ ಮಾತನಾಡುತ್ತಿರುವುದು ಎಣ್ಣೆಯ ಲೇಪನದ ಬಗ್ಗೆ. ಎರಡಕ್ಕೂ ಒಂದೇ ದೂರು ಹೊರಿಸುವುದು ನ್ಯಾಯವಲ್ಲ.

ರಸಾಯನ ಪಾಠ

ದೂರು ಒಂದೇ ಅಲ್ಲ ಎನ್ನುವುದು ನಿಜ, ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಕೆಲಸ ಮುಗಿದ ಮೇಲೆ ಎಷ್ಟು ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ? ಐರೋಪ್ಯ ಒಕ್ಕೂಟ ತನ್ನ 2019ರ ಗೊಬ್ಬರ ನಿಯಮದಲ್ಲಿ ಇದನ್ನೇ ಕೇಳಿತು. ಆ ನಿಯಮದ ಗುರುತು ಪಡೆಯುವ ಲೇಪನಗಳ ಪಾಲಿಮರ್ ಗೊತ್ತುಪಡಿಸಿದ ಗಡುವಿನಿಂದಾಚೆಗೆ ಜೈವಿಕ ವಿಘಟನೆಯ ಮಾನದಂಡಕ್ಕೆ ಒಳಪಡಬೇಕು. ಗೊಬ್ಬರ ಬಿಡುವ ಅವಧಿ ಮುಗಿದ ಮೇಲೆ 48 ತಿಂಗಳೊಳಗೆ ಅದರ ಸಾವಯವ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು ಎನ್ನುವುದು ಆ ನಿಯಮದ ಅಳತೆ. ಕಚ್ಚಾವಸ್ತು ಪೆಟ್ರೋಲಿಯಂನಿಂದ ಬಂದಿತೋ ಹರಳಿನಿಂದ ಬಂದಿತೋ ಎನ್ನುವುದರ ಮೇಲೆ ಅಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹಾಗೆ ನೋಡಿದರೆ ಪೆಟ್ರೋಲಿಯಂನಿಂದ ಮಾಡಿದ ಕೆಲವು ಪಾಲಿಎಸ್ಟರುಗಳು ಬಿಗಿಯಾಗಿ ಹೆಣೆದ ಹರಳೆಣ್ಣೆ ಪಾಲಿಯುರೆಥೇನಿಗಿಂತ ಬೇಗ ಕೊಳೆಯುತ್ತವೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಐಸೊಸೈನೇಟ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯಕಾರಿ, ಅದನ್ನು ಬಳಸುವಲ್ಲಿ ಗಾಳಿ ಸಂಚಾರಕ್ಕೂ ಮುಖಗವಸಿಗೂ ರಾಜಿ ಇರಬಾರದು. ಬೆನ್ಝೀನ್ ಉಂಗುರವಿರುವ ಐಸೊಸೈನೇಟಿನಿಂದ ಮಾಡಿದ ಜಾಲ ಒಡೆಯುವಾಗ ಏನೇನು ಹೊರಬರುತ್ತದೆ ಎಂಬುದನ್ನೂ ಪರೀಕ್ಷಿಸಲೇಬೇಕು.

ಔಡಲ ಹೊಲ (ರಾಯಚೂರು)

ಚರ್ಚೆ ಹೀಗೆ ಹೋದರೆ ಔಡಲದ (ಹರಳು ಗಿಡದ) ಹೆಸರೇ ಕೆಡುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ. ಜಗತ್ತಿನ ಹರಳೆಣ್ಣೆಯಲ್ಲಿ ಬಹುಪಾಲು ಭಾರತದಿಂದ ಹೋಗುತ್ತದೆ, ಅದರಲ್ಲಿಯೂ ಗುಜರಾತಿನದೇ ಸಿಂಹಪಾಲು. ನಮ್ಮ ಕಡೆ ಔಡಲ ಹೊಲದ ಅಂಚಿನ ಬೆಳೆ, ಮಳೆ ಕೈಕೊಟ್ಟಾಗಲೂ ನಿಲ್ಲುವ ಬೆಳೆ. ಅಡುಗೆಗೆ ಬಳಸುವ ಎಣ್ಣೆಯಲ್ಲವಾದ್ದರಿಂದ ತಟ್ಟೆಯ ಅನ್ನವನ್ನು ಕಸಿದುಕೊಂಡ ಆರೋಪವೂ ಬರುವುದಿಲ್ಲ. ನಾವು ಬೆಳೆದ ಎಣ್ಣೆಯನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸಿ, ಅಲ್ಲಿ ಅದೇ ಎಣ್ಣೆಯಿಂದ ಮಾಡಿದ ಲೇಪಿತ ಗೊಬ್ಬರವನ್ನು ದುಬಾರಿ ಬೆಲೆಗೆ ತರಿಸಿಕೊಳ್ಳುವುದಕ್ಕಿಂತ ಇಲ್ಲಿಯೇ ಲೇಪನ ಮಾಡುವುದು ಮೇಲಲ್ಲವೇ? ಪೂರ್ತಿ ಕೊಳೆಯುವ ಲೇಪನ ಸಿಗುವ ತನಕ ಅರ್ಧ ಕೊಳೆಯುವುದನ್ನಾದರೂ ಬಳಸಬಹುದು.

ನೀಗಾಟ ಕನ್ನಡಿಗ

ಉಳಿದರ್ಧ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಉತ್ತರ ಸಿಗುವವರೆಗೆ ಗದ್ದೆಗೆ ಬೇಡ.

ತೋಟದಮನೆ (ತೀರ್ಥಹಳ್ಳಿ ಕಡೆ)

ಹೊಂಗೆ ಎಣ್ಣೆಯಿಂದ ಆಗುವುದಿಲ್ಲವೇ? ನಮ್ಮ ಹಳ್ಳದ ದಂಡೆಯ ಮೇಲೆಲ್ಲ ಹೊಂಗೆಯೇ ಇದೆ.

ರಸಾಯನ ಪಾಠ

ಆಗುತ್ತದೆ, ಆದರೆ ನೇರವಾಗಿ ಅಲ್ಲ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೊಲೆನಿಕ್ ಆಮ್ಲವಿರುವುದರಿಂದ ಗಾಳಿಯ ಆಮ್ಲಜನಕ ತಾಗಿದರೆ ತಾನೇ ಒಣಗಿ ಪೊರೆಯಾಗುತ್ತದೆ. ಬಾಗಿಲಿಗೆ ಅಗಸೆ ಎಣ್ಣೆ ಬಳಿದವರಿಗೆ ಆ ಪೊರೆ ಗೊತ್ತು. ಹೊಂಗೆಯಲ್ಲಿ ಒಲೆಯಿಕ್ ಆಮ್ಲವೇ ಹೆಚ್ಚು, ಅದು ಒಣಗುವುದಿಲ್ಲ. ಅದರ ಜೋಡಿ ಬಂಧಗಳನ್ನು ಮೊದಲು ಎಪಾಕ್ಸೈಡ್ (ಆಮ್ಲಜನಕ ಸೇರಿದ ಚುರುಕಾದ ಉಂಗುರ) ಮಾಡಿ, ಆಮೇಲೆ ಸಿಟ್ರಿಕ್ ಆಮ್ಲದಂಥ ಬಹುಆಮ್ಲದಿಂದ ಹೆಣೆಯಬೇಕು. ಆ ದಾರಿಯಲ್ಲಿ ಬರುವುದು ಐಸೊಸೈನೇಟ್ ಇಲ್ಲದ ಪಾಲಿಎಸ್ಟರ್ ಜಾಲ. ಜಾಲದ ಗಂಟುಗಳೆಲ್ಲ ಎಸ್ಟರ್ ಆಗಿರುವುದರಿಂದ ಕೊಳೆಯುವ ಭರವಸೆ ಹೆಚ್ಚು. ನನ್ನ ಒಲವು ಇರುವುದು ಇಂಥ ಲೇಪನಗಳ ಕಡೆಗೆ. ಅವುಗಳ ಕೊರತೆ ಎಂದರೆ ಗಟ್ಟಿಯಾಗಲು ಹೆಚ್ಚು ಶಾಖ ಮತ್ತು ಸಮಯ ಬೇಕು, ಯೂರಿಯಾವೋ 133 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಆದ್ದರಿಂದ ಬಹಳ ತಗ್ಗಿನ ಶಾಖದಲ್ಲಿಯೇ ಕೆಲಸ ಮುಗಿಸಬೇಕಾಗುತ್ತದೆ, ಪಾಲಿಯುರೆಥೇನ್ ಗೆದ್ದಿರುವುದು ಅಲ್ಲಿಯೇ.

ಲೆಕ್ಕಾಚಾರ

ಔಡಲ ಹೊಲದವರ ಮಾತಿಗೆ ಹಣದ ಕಡೆಯಿಂದ ಉತ್ತರಿಸುತ್ತೇನೆ. ಮೊದಲು ದಪ್ಪದ ಲೆಕ್ಕ. ಮೂರು ಮಿಲಿಮೀಟರ್ ವ್ಯಾಸದ ಕಾಳುಗಳಾದರೆ ಒಂದು ಕಿಲೋ ಯೂರಿಯಾದ ಒಟ್ಟು ಮೈ (ಹೊರಮೇಲ್ಮೈ) ಸುಮಾರು ಒಂದೂವರೆ ಚದರ ಮೀಟರ್. ಅದರ ಮೇಲೆ 30 ಗ್ರಾಂ ಲೇಪನವನ್ನು ಸಮನಾಗಿ ಹರಡಿದರೆ ಸಿಗುವ ದಪ್ಪ ಸುಮಾರು 19 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ನಮ್ಮಲ್ಲಿ ಬಹಳಷ್ಟು ಸಿಗುವ ಸಣ್ಣ ಕಾಳಿನ ಯೂರಿಯಾದಲ್ಲಿ ವ್ಯಾಸ ಒಂದೂವರೆ ಮಿಲಿಮೀಟರ್ ಆದರೆ ಮೈ ಎರಡರಷ್ಟಾಗುತ್ತದೆ, ದಪ್ಪ ಅರ್ಧಕ್ಕೆ ಇಳಿಯುತ್ತದೆ. ಅದೇ ದಪ್ಪ ಬೇಕಾದರೆ ಎರಡು ಪಟ್ಟು ಎಣ್ಣೆ ಸುರಿಯಬೇಕು. ಲೇಪನಕ್ಕೆ ದಪ್ಪ ಕಾಳನ್ನೇ ಆರಿಸುವುದು ಈ ಕಾರಣಕ್ಕೆ.

ಇನ್ನು ಬೆಲೆ. ತೆರಿಗೆ, ಬೇವಿನ ಖರ್ಚು ಸೇರಿ 45 ಕಿಲೋ ಮೂಟೆಗೆ ರೈತ ಕೊಡುವುದು ₹266.50, ಎಂದರೆ ಕಿಲೋಗೆ ಆರು ರೂಪಾಯಿಗೂ ಕಡಿಮೆ. ಲೇಪನದ ಸಾಮಗ್ರಿಯ ಬೆಲೆ ಕಿಲೋಗೆ ₹200 ಎಂದು ಸುಮ್ಮನೆ ಇಟ್ಟುಕೊಳ್ಳಿ. 30 ಗ್ರಾಂಗೆ ಆರು ರೂಪಾಯಿ. ಯಂತ್ರ, ಇಂಧನ, ಕೂಲಿ ಸೇರಿಸುವ ಮೊದಲೇ ಅಂಗಿಯ ಬೆಲೆ ಒಳಗಿನ ಯೂರಿಯಾದ ಬೆಲೆಯನ್ನು ಮುಟ್ಟಿತು. ಸಹಾಯಧನದ ಯೂರಿಯಾ ಪಕ್ಕದಲ್ಲೇ ಸಿಗುವಾಗ ಭತ್ತದ ರೈತ ಇದನ್ನು ಏಕೆ ಕೊಳ್ಳುತ್ತಾನೆ? ಸಹಾಯಧನವನ್ನು ಮೂಟೆಗೆ ಕೊಡುವ ಬದಲು ಬೆಳೆಗೆ ದಕ್ಕಿದ ಸಾರಜನಕಕ್ಕೆ ಕೊಡುವ ದಿನ ಬಂದರೆ ಈ ಲೆಕ್ಕ ತಿರುಗಬಹುದು. ಭತ್ತದಲ್ಲಿ ಹಾಕಿದ ಸಾರಜನಕದ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ಪೈರಿಗೆ ಸೇರುತ್ತದೆ ಎನ್ನುವುದನ್ನು ನೆನೆದರೆ, ಇಂದು ಸರ್ಕಾರ ಸಹಾಯಧನದ ಬಹುಪಾಲನ್ನು ಗಾಳಿಗೂ ಅಂತರ್ಜಲಕ್ಕೂ ಕೊಡುತ್ತಿದೆ.

ಕಪ್ಪುಮಣ್ಣು

ಗಂಧಕ ಲೇಪಿತ ಯೂರಿಯಾ ಇದೆಯಲ್ಲ. ಗಂಧಕ ಪೋಷಕಾಂಶವೂ ಹೌದು, ಸಿಪ್ಪೆಯ ಚಿಂತೆಯೂ ಇಲ್ಲ.

ನರ್ಸರಿ ನೋಟ

ಅದು ಒಳ್ಳೆಯ ಮಾತು. 2023ರ ಜುಲೈಯಲ್ಲಿ ರಾಜಸ್ಥಾನದ ಸೀಕರ್‌ನಲ್ಲಿ ಯೂರಿಯಾ ಗೋಲ್ಡ್ ಎಂಬ ಹೆಸರಿನಲ್ಲಿ ಅದನ್ನು ಬಿಡುಗಡೆ ಮಾಡಿದರು; ಶೇ 37 ಸಾರಜನಕ, ಶೇ 17 ಗಂಧಕ. ಎಣ್ಣೆಕಾಳು ಬೆಳೆಯುವವರಿಗೆ ಗಂಧಕದ ಲಾಭ ನೇರವಾಗಿ ಸಿಗುತ್ತದೆ. ಆದರೆ ಗಂಧಕದ ಪದರ ಗಾಜಿನಂತೆ ಬಿರುಸು. 1960ರ ದಶಕದಲ್ಲಿ ಅಮೆರಿಕದ ಟೆನ್ನೆಸಿ ಕಣಿವೆ ಪ್ರಾಧಿಕಾರ ಇದನ್ನು ರೂಪಿಸಿದಾಗಲೇ ಬಿರುಕುಗಳನ್ನು ಮುಚ್ಚಲು ಮೇಣ ಬಳಿಯಬೇಕಾಯಿತು. ಬಿರುಕು ಬಿಟ್ಟ ಕಾಳು ಒಂದೇ ಸಲಕ್ಕೆ ಖಾಲಿಯಾಗುತ್ತದೆ, ಬಿಡದ ಕಾಳು ಬಹಳ ಕಾಲ ಮುಚ್ಚಿಯೇ ಇರುತ್ತದೆ. ಗಂಧಕದ ಮೇಲೆ ತೆಳುವಾದ ಎಣ್ಣೆಯ ಪಾಲಿಮರ್ ಹೊದಿಸಿ ಎರಡರ ಪ್ರಮಾಣವನ್ನೂ ತಗ್ಗಿಸುವ ದಾರಿಯೂ ಇದೆ, ಖರ್ಚಿನ ದೃಷ್ಟಿಯಿಂದ ನನಗೆ ಅದು ಹೆಚ್ಚು ಆಶಾದಾಯಕವಾಗಿ ಕಾಣುತ್ತದೆ.

ತೋಟದಮನೆ (ತೀರ್ಥಹಳ್ಳಿ ಕಡೆ)

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಯವರ ಮಾತನ್ನು ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆಯೇ ಎಂದು ಕೇಳಬೇಕೆನಿಸುತ್ತಿದೆ. ಆರು ತಿಂಗಳು ಬರುತ್ತದೆ ಎಂದದ್ದು ನಮ್ಮಲ್ಲಿ ಅದಕ್ಕಿಂತ ಬೇಗ ಮುಗಿದಂತೆ ಕಂಡಿತು.

ರಸಾಯನ ಪಾಠ

ಬೇಗ ಮುಗಿದದ್ದರಲ್ಲಿ ಆಶ್ಚರ್ಯವಿಲ್ಲ. ನೀರಾವಿ ಲೇಪನದ ಮೂಲಕ ಒಳಹೋಗಿ ಗೊಬ್ಬರವನ್ನು ಕರಗಿಸುತ್ತದೆ, ಒಳಗಿನ ಒತ್ತಡ ಏರುತ್ತದೆ, ದ್ರಾವಣ ನಿಧಾನವಾಗಿ ಹೊರಗೆ ಜಿನುಗುತ್ತದೆ. ಇದೆಲ್ಲವೂ ಶಾಖಕ್ಕೆ ಬಗ್ಗುವ ಕ್ರಿಯೆ. ಹತ್ತು ಡಿಗ್ರಿ ಏರಿದರೆ ಬಿಡುಗಡೆ ಸುಮಾರು ಎರಡು ಪಟ್ಟು ಆಗಬಹುದು. ಹೊರದೇಶದ ಚೀಲಗಳ ಮೇಲಿನ ತಿಂಗಳ ಲೆಕ್ಕ ಹೆಚ್ಚಾಗಿ 21 ಅಥವಾ 25 ಡಿಗ್ರಿಯದು. ಬೇಸಗೆಯಲ್ಲಿ 30 ದಾಟುವ ನಮ್ಮ ಚೀಲದ ಮಣ್ಣಿಗೆ ಅದು ಹೊಂದುವುದಿಲ್ಲ.

ಬಿಡುಗಡೆಯ ಪರೀಕ್ಷೆ ಸುಲಭ. ತೂಗಿದ ಕಾಳುಗಳನ್ನು ನೈಲಾನ್ ಬಲೆಯ ಪುಟ್ಟ ಚೀಲದಲ್ಲಿ ಕಟ್ಟಿ ನೀರಿನ ಬಾಟಲಿಯಲ್ಲಿಡಿ, ನಡುನಡುವೆ ತೆಗೆದು ಒಣಗಿಸಿ ತೂಗಿ, ನೀರನ್ನು ಬದಲಿಸಿ. ಯುರೋಪಿನ ಮಾನದಂಡದಂತೆ 25 ಡಿಗ್ರಿಯಲ್ಲಿ ಮೊದಲ 24 ಗಂಟೆಯಲ್ಲಿ ಶೇ 15ಕ್ಕಿಂತ, 28 ದಿನಗಳಲ್ಲಿ ಶೇ 75ಕ್ಕಿಂತ ಹೆಚ್ಚು ಬಿಡಬಾರದು. ಮೊದಲ ದಿನವೇ ಮೂರನೇ ಒಂದು ಭಾಗ ಹೋದರೆ ಆ ಲೇಪನದಲ್ಲಿ ಬಿರುಕಿದೆ ಎಂದು ತಿಳಿಯಿರಿ.

ಕೊಳೆಯುವ ಪರೀಕ್ಷೆ ಮಾತ್ರ ಮನೆಯಲ್ಲಿ ಪೂರ್ತಿಯಾಗುವುದಿಲ್ಲ. ಸಿಪ್ಪೆಯನ್ನು ಬಲೆಯಲ್ಲಿ ಕಟ್ಟಿ, ಪಕ್ಕದಲ್ಲಿ ಹತ್ತಿ ಬಟ್ಟೆಯ ತುಂಡನ್ನೂ ಹೂತರೆ ಹೋಲಿಕೆ ಸಿಗುತ್ತದೆ. ಆದರೆ ಸಿಪ್ಪೆ ಕಣ್ಣಿಗೆ ಕಾಣದಷ್ಟು ಚೂರಾಯಿತು ಎಂದರೆ ಕೊಳೆಯಿತು ಎಂದಲ್ಲ, ಸೂಕ್ಷ್ಮ ಪ್ಲಾಸ್ಟಿಕ್ ಆಗಿರಲೂಬಹುದು. ಹೊರಬಂದ ಇಂಗಾಲದ ಡೈಆಕ್ಸೈಡ್ ಅಳೆದ ಪ್ರಯೋಗಾಲಯದ ವರದಿಯನ್ನು ಮಾರುವವರಿಂದಲೇ ಕೇಳಬೇಕು, ಯಾವ ಶಾಖದಲ್ಲಿ ಎಷ್ಟು ತಿಂಗಳು ಅಳೆದರು ಎನ್ನುವುದನ್ನೂ ಕೇಳಬೇಕು.

ಔಡಲ ಹೊಲ (ರಾಯಚೂರು)

ಈ ವರದಿಯನ್ನು ಕಡ್ಡಾಯ ಮಾಡಿದರೆ ನಾನೂ ಬೆಂಬಲಿಸುತ್ತೇನೆ. ಸರಿಯಾಗಿ ಕೊಳೆಯುವ ಲೇಪನಕ್ಕೆ ನಮ್ಮ ಎಣ್ಣೆ ಹೋದರೆ ಬೆಳೆಗಾರನಿಗೂ ಹೆಮ್ಮೆ. ಆದರೆ ಒಣಬೇಸಾಯದಲ್ಲಿ ಇದು ಹೇಗೆ? ಮಣ್ಣಿನಲ್ಲಿ ತೇವವೇ ಇಲ್ಲದಿದ್ದರೆ ಕಾಳು ಬಿಡುವುದಾದರೂ ಏನನ್ನು?

ನರ್ಸರಿ ನೋಟ

ತೇವವಿಲ್ಲದೆ ಬಿಡುವುದಿಲ್ಲ, ಆದ್ದರಿಂದ ಮಳೆಯಾಶ್ರಿತ ರಾಗಿ, ಜೋಳಕ್ಕೆ ನಾನು ಇದನ್ನು ಹೇಳುವುದಿಲ್ಲ. ತೋಟದಮನೆಯವರ ಎರಡನೆಯ ಪ್ರಶ್ನೆಗೂ ಈಗಲಾದರೂ ಉತ್ತರಿಸಬೇಕು. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎನ್ನುವುದು ಶಿಫಾರಸು. ಅದನ್ನು ಎರಡು ಕಂತಿಗೆ ಬದಲು ಮೂರು ನಾಲ್ಕು ಕಂತು ಮಾಡಿ, ಜಡಿಮಳೆಯ ತಿಂಗಳುಗಳನ್ನು ಬಿಟ್ಟು, ಬುಡಕ್ಕೆ ಸೊಪ್ಪು ಹೊದಿಸಿ ಕೊಟ್ಟರೆ ಲೇಪನದ ಖರ್ಚಿಲ್ಲದೆಯೇ ಬಹಳಷ್ಟು ಉಳಿಯುತ್ತದೆ. ಚೀಲದ ಸಸಿಗಳಿಗೆ ಮಾತ್ರ ಲೇಪಿತ ಗೊಬ್ಬರದ ಬೆಲೆ ಗಿಟ್ಟುತ್ತದೆ, ಅಲ್ಲಿ ಸಿಪ್ಪೆಯನ್ನು ಹೆಕ್ಕಿ ತೆಗೆಯುವುದೂ ಸಾಧ್ಯ.

ಭತ್ತದ ಬಯಲು (ಗಂಗಾವತಿ)

ಕೊಳೆಯುವುದೆಂದು ವರದಿ ಇರುವ ಲೇಪನ ಸಿಕ್ಕರೆ ಗದ್ದೆಯ ಒಂದು ಮಡಿಯಲ್ಲಿ ನೋಡುವ ಮನಸ್ಸಿದೆ. ಸಾದಾ ಯೂರಿಯಾದ ಜೊತೆ ಬೆರೆಸಬಹುದೇ?

ರಸಾಯನ ಪಾಠ

ಬೆರೆಸಬಹುದು, ಬೆರೆಸುವುದೇ ವಾಡಿಕೆ. ನಾಟಿಯ ನಂತರದ ಮೊದಲ ವಾರಗಳಿಗೆ ಸಾದಾ ಯೂರಿಯಾ, ತೆಂಡೆ ಒಡೆದ ಮೇಲಿನ ಅಗತ್ಯಕ್ಕೆ ಲೇಪಿತ ಯೂರಿಯಾ ಎಂದು ಪಾಲು ಮಾಡಿ. ಲೇಪಿತ ಕಾಳನ್ನು ನೀರಿನ ಮೇಲೆ ಎರಚದೆ ಕೊನೆಯ ಕೆಸರಿನಲ್ಲಿ ಮಣ್ಣಿನೊಳಗೆ ಸೇರಿಸಿ, ತೂಬಿಗೆ ಒಂದು ಸಣ್ಣ ಕಣ್ಣಿನ ಬಲೆ ಕಟ್ಟಿ. ಮೂಟೆಯನ್ನು ಲಾರಿಯಿಂದ ಎಸೆಯದೆ ಇಳಿಸಿಕೊಳ್ಳಿ ಮತ್ತು ಸಲಿಕೆಯಿಂದ ಕಲಸದೆ ಕೈಯಿಂದ ಬೆರೆಸಿ, ಏಕೆಂದರೆ 19 ಮೈಕ್ರಾನ್ ಪದರ ಗೀರು ಬಿದ್ದರೆ ಆ ಕಾಳು ಸಾದಾ ಯೂರಿಯಾದಂತೆಯೇ ಅಂದೇ ಕರಗಿಹೋಗುತ್ತದೆ.